ಬಾಲವನದ ಕಾರಂತರು

ಡಾ. ಕೋಟ ಶಿವರಾಮ ಕಾರಂತರ ಹೆಸರನ್ನು ಕೇಳದ ಕನ್ನಡಿಗರು ವಿರಳ. ‘ಚೋಮನ ದುಡಿ’ಯನ್ನು ಓದಿದವರು, ಯಕ್ಷಗಾನಕ್ಕಾಗಿ ಅವರು ಪಟ್ಟ ಶ್ರಮವನ್ನು ಬಲ್ಲವರು ನಮ್ಮ ಕಾಲೇಜಿನಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ದೊಡ್ಡ ಸಾಹಿತಿಯ ಮರೆಯಲ್ಲಿ ಇನ್ನೊಬ್ಬ ಕಾರಂತರಿದ್ದರು. ಅವರು ಮಕ್ಕಳ ಕಾರಂತಜ್ಜ. ಪುತ್ತೂರು ಸೀಮೆಯವರಾದ ನಾವು ಮೊದಲು ನೆನೆಯಬೇಕಾದುದು ಅವರನ್ನೇ ಎಂದು ನನ್ನ ಭಾವನೆ.

ಕಾರಂತರು ಹುಟ್ಟಿದ್ದು 1902ನೆಯ ಇಸವಿ ಅಕ್ಟೋಬರ್ 10ರಂದು, ಉಡುಪಿ ಸೀಮೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದ ತರುಣನನ್ನು ಗಾಂಧೀಜಿಯವರ ಅಸಹಕಾರ ಚಳವಳಿ ಸೆಳೆಯಿತು. 1921ರಲ್ಲಿ ಅವರು ಕಾಲೇಜನ್ನು ತೊರೆದರು. ಮತ್ತೆ ಆ ಕಡೆಗೆ ತಿರುಗಿ ನೋಡಲಿಲ್ಲ. ಖಾದಿ ಪ್ರಚಾರ, ‘ವಸಂತ’ ಪತ್ರಿಕೆ, ನಾಟಕ, ಊರೂರು ಅಲೆದಾಟ ಇವೇ ಅವರ ವಿಶ್ವವಿದ್ಯಾನಿಲಯಗಳಾದುವು. ಪದವಿ ಪಡೆಯದ ಈ ವ್ಯಕ್ತಿಗೆ ಮುಂದೆ ಹಲವು ವಿಶ್ವವಿದ್ಯಾನಿಲಯಗಳು ತಾವಾಗಿ ಡಾಕ್ಟರೇಟನ್ನು ಕೊಟ್ಟುವು.

ಸಹಕಾರ ಚಳವಳಿಯ ಮೊಳಹಳ್ಳಿ ಶಿವರಾಯರಂಥ ಹಿರಿಯರ ಒಡನಾಟ ಅವರಿಗೆ ದೊರೆತದ್ದು ಪುತ್ತೂರಿನಲ್ಲಿ. ಮೂವತ್ತರ ದಶಕದಲ್ಲಿ ಅವರಿಬ್ಬರೂ ಕೂಡಿ ನಡೆಸಿದ ಪುತ್ತೂರಿನ ದಸರಾ ನಾಡಹಬ್ಬ ನಾಡಿನಾದ್ಯಂತ ಹೆಸರಾಯಿತು. ಪರ್ಲಡ್ಕದ ಗುಡ್ಡದಲ್ಲಿ ಕಾರಂತರು ನೆಲೆ ಮಾಡಿ ಅದಕ್ಕೆ ಬಾಲವನವೆಂದು ಹೆಸರಿಟ್ಟರು. ಸ್ವಂತ ಮನೆಗೆ ತಂದೆತಾಯಿಯರ ಹೆಸರನ್ನೋ ದೇವರ ಹೆಸರನ್ನೋ ಇಡುವವರೇ ಹೆಚ್ಚು. ಇವರು ಇಟ್ಟದ್ದು ಮಕ್ಕಳ ಹೆಸರನ್ನು! ಅಲ್ಲಿ ಮಕ್ಕಳು ಕುಣಿದರು, ನಾಟಕವಾಡಿದರು, ಮರಗಿಡಗಳ ನಡುವೆ ಓಡಾಡಿದರು. ಕಾರಂತರು ತಾವೂ ಅವರೊಡನೆ ಕುಣಿದರು.

ಈ ವಿಚಾರ ಆಗ ಜಗತ್ತಿಗೆ ಹೊಸತಲ್ಲ. ಜರ್ಮನಿಯ ಫ್ರೋಬೆಲ್ ನೂರು ವರ್ಷಗಳ ಹಿಂದೆಯೇ ಶಿಶುಗಳಿಗಾಗಿ ಆಟದ ಶಾಲೆಯನ್ನು ತೆರೆದಿದ್ದನು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ಆದರೆ ಕನ್ನಡ ಮಕ್ಕಳ ಕೈಗೆ ಕೊಡಲು ಕನ್ನಡದ ಪುಸ್ತಕಗಳು ಬೇಕಷ್ಟೆ? ಕಾರಂತರು ಒಬ್ಬರೇ ಕುಳಿತು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಬರೆದು 1936ರಲ್ಲಿ ಹೊರತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ‘ಢಂ ಢಂ ಢೋಲು’, ‘ಮಂಗನ ಮದುವೆ’ ಮುಂತಾದ ಕಿರುಪುಸ್ತಕಗಳನ್ನೂ ಬರೆದರು. ಅವರ ಒಂದು ಪುಸ್ತಕದ ಹೆಸರೇ ‘ಓದುವ ಆಟ’. ಓದು ಬೇರೆ, ಆಟ ಬೇರೆ ಎನ್ನುವವರಿಗೆ ಆ ಎರಡು ಪದಗಳೇ ಉತ್ತರವಾಗಬಲ್ಲುವು.

1936ರಲ್ಲಿಯೇ ಅವರು ಲೀಲಾ ಅವರನ್ನು ವಿವಾಹವಾದರು. ಜಾತಿಯ ಕಟ್ಟನ್ನು ಮೀರಿದ ಮದುವೆ ಅದು. ಅವರ ಮಕ್ಕಳು ಬೆಳೆದದ್ದು ಬಾಲವನದ ಮನೆಯಲ್ಲಿ. ಹಿರಿಯ ಮಗ ಹರ್ಷ ಎಳೆಯ ಹರೆಯದಲ್ಲಿಯೇ ತೀರಿಕೊಂಡದ್ದು ಆ ಕುಟುಂಬದ ದೊಡ್ಡ ದುಃಖ. ಮಗಳು ಮಾಳವಿಕಾ ಮಕ್ಕಳ ಮನಶ್ಶಾಸ್ತ್ರದಲ್ಲಿ ವಿದ್ವಾಂಸೆಯಾದರು. ಮಗ ಉಲ್ಲಾಸ ಹುಲಿಗಳ ಅಧ್ಯಯನದಿಂದ ಜಗತ್ಪ್ರಸಿದ್ಧರಾದರು. ಇವರಿಬ್ಬರೂ ತಂಗಿ ಕ್ಷಮಾ ಅವರೊಡನೆ ಸೇರಿ ತಮ್ಮ ಬಾಲ್ಯವನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕ 2021ರಲ್ಲಿ ಪ್ರಕಟವಾಗಿದೆ. ಮರ, ಹಕ್ಕಿ, ಪುಸ್ತಕಗಳ ನಡುವೆ ಬೆಳೆದ ಮಕ್ಕಳು ಹೀಗಾದುದರಲ್ಲಿ ಅಚ್ಚರಿಯೇನಿದೆ?

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ಕಬಕದ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲಿಗಳು. ಅಮ್ಮ ಬೀಡಿ ಕಟ್ಟುತ್ತಾಳೆ. ತಮ್ಮಂದಿರನ್ನು ನೋಡಿಕೊಳ್ಳಲೆಂದು ಮೂರನೆಯ ತರಗತಿಯಲ್ಲಿಯೇ ಅವಳ ಶಾಲೆ ನಿಂತುಹೋಯಿತು. ಅಕ್ಕನ ಮಗನಿಗೆ ಈಗ ಮೂರೂವರೆ ವರ್ಷ. ಅವನು ಅಂಗಳದಲ್ಲಿ ಗೆರಟೆಗೆ ಮಣ್ಣು ತುಂಬಿಸಿ ಇಡ್ಲಿ ಹೊಯ್ಯುತ್ತಿದ್ದರೆ ಅಮ್ಮನಿಗೆ ಕಸಿವಿಸಿ. ಸ್ಲೇಟು ಹಿಡಿದು ಕುಳಿತರೆ ಮಾತ್ರ ಅವಳ ಜೀವಕ್ಕೆ ಸಮಾಧಾನ. ಇದನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅಕ್ಷರ ಕೈತಪ್ಪಿದವಳಿಗೆ ಅಕ್ಷರದ ಬೆಲೆ ನಮಗಿಂತ ಹೆಚ್ಚು ಗೊತ್ತು. ಕಾರಂತರಿಗೇನು, ಗುಡ್ಡವಿತ್ತು, ಪುಸ್ತಕಗಳಿದ್ದುವು. ನಮಗೇನಿದೆ ಎಂದು ಅವಳು ಕೇಳುವುದೂ ನ್ಯಾಯವೇ.

ಆದರೆ ಆಟಕ್ಕೆ ಗುಡ್ಡವೇ ಬೇಕೆಂದಿಲ್ಲ. ಗೆರಟೆಯಲ್ಲಿ ಮಣ್ಣು ಅಳೆಯುವ ಕೈಗೆ ಹೆಚ್ಚು ಕಡಿಮೆಗಳ ಅರಿವಾಗುತ್ತದೆ. ಅಡಿಕೆಯ ಹಾಳೆಯಲ್ಲಿ ಒಬ್ಬ ಕುಳಿತು ಇನ್ನೊಬ್ಬ ಎಳೆಯುವಾಗ ಸರದಿ ಕಾಯುವ ಗುಣ ಬರುತ್ತದೆ. ತೆಂಗಿನ ಗರಿಯಲ್ಲಿ ಪೀಪಿ ಸುತ್ತುವ ಬೆರಳುಗಳೇ ನಾಳೆ ಪೆನ್ಸಿಲನ್ನು ಹಿಡಿಯುವುವು. ಆಟಿಯ ಮಳೆಯಲ್ಲಿ ಅಜ್ಜಿಯರು ಹೊರತೆಗೆಯುವ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕರಂತೆ 56 ಕಾಯಿಗಳನ್ನು ಹಾಕುವ ದೊಡ್ಡ ಮಕ್ಕಳು ಲೆಕ್ಕವನ್ನು ಕಲಿಯುವುದು ಬಾಯಿಪಾಠದಿಂದಲ್ಲ. (ತೀರ ಚಿಕ್ಕ ಮಕ್ಕಳ ಕೈಗೆ ಮಾತ್ರ ಆ ಕಾಯಿಗಳನ್ನು ಕೊಡಬಾರದು, ಗಂಟಲಲ್ಲಿ ಸಿಲುಕೀತು. ಗುಲಗಂಜಿಯಂತೂ ವಿಷ.) ಬೀಡಿ ಕಟ್ಟುತ್ತಲೇ ಒಂದು ಕತೆ ಹೇಳಿದರೆ ಮಗುವಿನ ಮಾತು ಬೆಳೆಯುತ್ತದೆ, ಅದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟ, ಚಟುವಟಿಕೆಗಳ ಮೂಲಕ ಕಲಿಕೆ ನಡೆಯಬೇಕೆಂದು ಹೇಳಿದೆ. ಪರ್ಲಡ್ಕದ ಗುಡ್ಡದಲ್ಲಿ ಆ ಪ್ರಯತ್ನ ಅದಕ್ಕೂ ಎಂಟು ದಶಕಗಳ ಹಿಂದೆಯೇ ನಡೆದಿತ್ತು.

ಸುಮಾರು ನಾಲ್ಕು ದಶಕಗಳ ಕಾಲ ಪುತ್ತೂರಿನಲ್ಲಿದ್ದ ಕಾರಂತರು ಎಪ್ಪತ್ತರ ದಶಕದಲ್ಲಿ ಹುಟ್ಟೂರಿನ ನೆರೆಯ ಸಾಲಿಗ್ರಾಮಕ್ಕೆ ತೆರಳಿದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂತು. ಕೈಗಾದ ಅಣುಸ್ಥಾವರಕ್ಕೆ ವಿರೋಧವಾಗಿ ಇಳಿವಯಸ್ಸಿನಲ್ಲಿಯೂ ಹೋರಾಡಿದರು. 1997ರ ಡಿಸೆಂಬರ್ 9ರಂದು, 95ನೆಯ ವಯಸ್ಸಿನಲ್ಲಿ ಅವರು ನಮ್ಮನ್ನಗಲಿದರು. ನಾವಾರೂ ಆಗ ಹುಟ್ಟಿರಲಿಲ್ಲ.

ಬಾಲವನ ಇಂದಿಗೂ ಇದೆ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ನಮ್ಮಲ್ಲಿ ಹಲವರು ನಾಳೆ ಅಧ್ಯಾಪಕರಾಗುವವರು, ಹೆಚ್ಚಿನವರು ತಂದೆತಾಯಿಯರಾಗುವವರು. ಕಾರಂತರ ಜಯಂತಿಯಂದು ಅವರ ಪಟಕ್ಕೆ ಹಾರ ಹಾಕುವುದು ಸುಲಭ. ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಗದರಿಸಿ ಒಳಗೆ ಕರೆಯದಿರುವುದು ಕಷ್ಟ. ನಿಜವಾದ ಗೌರವವಿರುವುದು ಆ ಕಷ್ಟದ ಕೆಲಸದಲ್ಲಿಯೇ.