ಕುಮಾರಿ ಕ್ಯಾರೊಲಿನ್ ಹರ್ಷೆಲ್

ನೀಹಾರಿಕೆಗಳೊಳಗೆ ನಕ್ಷತ್ರಗಳು ಹುಟ್ಟಿ ಬೆಳೆಯುತ್ತವೆಂದು ಲೋಕಕ್ಕೆ ತಿಳಿಸಿದ ಪಂಡಿತರಲ್ಲಿ ಸರ್ ವಿಲಿಯಂ ಹರ್ಷೆಲರು ಪ್ರಖ್ಯಾತರು. ಆ ಮಹತ್ಕಾರ್ಯದಲ್ಲಿ ಅವರೊಡನೆ ಸಮನಾಗಿ ದುಡಿದ ತಂಗಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಹೆಣ್ಣುಮಕ್ಕಳ ತಂದೆತಾಯಿಗಳೂ ಅರಿತಿರುವುದು ಒಳ್ಳೆಯದೆಂದೆಣಿಸಿ, ಅದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಕ್ಯಾರೊಲಿನಳು 1750ನೆಯ ಇಸವಿ ಮಾರ್ಚ್ 16ರಂದು ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ ಜನಿಸಿದಳು. ತಂದೆ ಐಸಾಕ್ ದಂಡಿನ ವಾದ್ಯಮೇಳದಲ್ಲಿದ್ದವರು. ಮನೆಯಲ್ಲಿ ಮಕ್ಕಳು ಬಹಳ, ಆದಾಯ ಸ್ವಲ್ಪ. ಹತ್ತನೆಯ ವಯಸ್ಸಿನಲ್ಲಿ ವಿಷಮಜ್ವರವು ಬಂದು ಆಕೆಯ ಬೆಳವಣಿಗೆಯೇ ನಿಂತುಹೋಯಿತು. ಆಕೆಯ ಎತ್ತರವು ಕೊನೆಯವರೆಗೂ ನಾಲ್ಕು ಅಡಿಗೆ ತುಸು ಮೇಲಷ್ಟೇ. ಈ ಹುಡುಗಿಗೆ ಮದುವೆಯಾಗದೆಂದು ಮನೆಯವರು ನಿಶ್ಚಯಿಸಿದರು. ತಂದೆಗೆ ಆಕೆಯನ್ನು ಓದಿಸಬೇಕೆಂಬ ಆಸೆ; ತಾಯಿಗೆ ಅದು ಬೇಡ. ಓದಿನಿಂದಲೇ ಗಂಡುಮಕ್ಕಳು ಮನೆಬಿಟ್ಟು ಹೋದರೆಂದು ನಂಬಿದ್ದ ಆ ತಾಯಿಯು, ಮಗಳಿಗೆ ಅಡಿಗೆ, ಹೊಲಿಗೆ, ನೇಯ್ಗೆಗಳೇ ಸಾಕೆಂದು ಹಟಹಿಡಿದಳು. ಆಕೆಯಲ್ಲಿ ಕೆಡುಕು ಇರಲಿಲ್ಲ; ಮನೆಗೆಲಸಕ್ಕೆ ಕೈಗಳು ಸಾಲದೆಂಬ ಭಯವಿತ್ತು. 1767ರಲ್ಲಿ ತಂದೆ ತೀರಿಕೊಂಡ ಮೇಲೆ ಹುಡುಗಿಗೆ ಒಲೆಯ ಮುಂದಿನ ಸ್ಥಳವೊಂದೇ ಉಳಿಯಿತು.

ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತಗಾರನಾಗಿದ್ದ ಅಣ್ಣ ವಿಲಿಯಂ 1772ರಲ್ಲಿ ಬಂದು ತಂಗಿಯನ್ನು ಕರೆದೊಯ್ದನು. ಆಕೆಯ ಬದಲಿಗೆ ಆಳನ್ನಿಡಲು ತಾಯಿಗೆ ವರ್ಷಂಪ್ರತಿ ಹಣ ಕೊಡಲು ಒಪ್ಪಿದ ಮೇಲೆಯೇ ಅಪ್ಪಣೆ ದೊರೆಯಿತು. ಅಲ್ಲಿ ಕ್ಯಾರೊಲಿನಳು ಇಂಗ್ಲಿಷ್, ಲೆಕ್ಕ, ಗಾಯನಗಳನ್ನು ಕಲಿತು ಸಭೆಗಳಲ್ಲಿ ಹಾಡಿ ಮೆಚ್ಚುಗೆ ಪಡೆದಳು. ಇಷ್ಟರಲ್ಲಿ ಅಣ್ಣನಿಗೆ ಆಕಾಶದ ಹುಚ್ಚು ಹಿಡಿಯಿತು. ದೂರದರ್ಶಕದ ಕನ್ನಡಿಯನ್ನು ಅವನು ಬಿಡುವಿಲ್ಲದೆ ಉಜ್ಜುತ್ತಿರುವಾಗ ಆಕೆಯೇ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. 1781ರಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡುಹಿಡಿದನು. ಮರುವರ್ಷ ದೊರೆಯ ಆಶ್ರಯ ಲಭಿಸಿತು. ತಂಗಿಯೂ ಹಾಡನ್ನು ಬಿಟ್ಟು ಅಣ್ಣನೊಡನೆ ನಕ್ಷತ್ರಗಳ ಕಡೆಗೆ ತಿರುಗಿದಳು.

ಅವರ ಕೆಲಸದ ಕ್ರಮ ಹೀಗಿತ್ತು. ಅಣ್ಣನು ದೂರದರ್ಶಕದಲ್ಲಿ ಕಣ್ಣಿಟ್ಟು, ಕಂಡದ್ದನ್ನು ಕೂಗಿ ಹೇಳುವನು. ತಂಗಿಯು ದೀಪ, ಗಡಿಯಾರ, ಲೇಖನಿಗಳೊಡನೆ ಕುಳಿತು ಕಾಲವನ್ನೂ ಸ್ಥಾನವನ್ನೂ ಬರೆದುಕೊಳ್ಳುವಳು. ಹಗಲಿನಲ್ಲಿ ಅವೆಲ್ಲವನ್ನೂ ಗಣಿತ ಮಾಡಿ ಶುದ್ಧಪ್ರತಿ ಬರೆಯುವ ಕೆಲಸ ಆಕೆಯದೇ. ಚಳಿಗಾಲದಲ್ಲಿ ಶಾಯಿಯೇ ಹೆಪ್ಪುಗಟ್ಟುತ್ತಿತ್ತು. 1783ನೆಯ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಓಡುವಾಗ ಕಬ್ಬಿಣದ ಕೊಕ್ಕೆಯು ಆಕೆಯ ಕಾಲಿಗೆ ನಾಟಿ ಮಾಂಸವನ್ನೇ ಕಿತ್ತಿತು. ಗಾಯ ಮಾಯುವುದಕ್ಕೆ ವಾರಗಳೇ ಹಿಡಿದರೂ ಆಕೆಯು ಕೆಲಸವನ್ನು ಬಿಡಲಿಲ್ಲ. 1786, 1789, 1802ರಲ್ಲಿ ಪ್ರಕಟವಾದ ಮೂರು ಪಟ್ಟಿಗಳಲ್ಲಿ 2,500 ನೀಹಾರಿಕೆಗಳೂ ನಕ್ಷತ್ರಗುಚ್ಛಗಳೂ ಸೇರಿದವು. ಸ್ವಂತವಾಗಿಯೂ ಆಕೆಯು 1786ರಿಂದ 1797ರವರೆಗೆ ಎಂಟು ಧೂಮಕೇತುಗಳನ್ನು ಕಂಡಳು. 1787ರಿಂದ ದೊರೆಯು ಆಕೆಗೆ ವರ್ಷಕ್ಕೆ 50 ಪೌಂಡು ಸಂಬಳವನ್ನು ಗೊತ್ತುಮಾಡಿದನು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕಾಗಿ ಸಂಬಳ ಪಡೆದ ಮೊದಲನೆಯ ಸ್ತ್ರೀಯು ಈಕೆಯೇ.

ಈ ಪಟ್ಟಿಗಳಿಂದ ಏನು ಪ್ರಯೋಜನವಾಯಿತೆಂದು ಕೇಳಬಹುದು. ಒಂದು ನಕ್ಷತ್ರವು ಬೆಳೆಯುವುದನ್ನು ಕಾದು ನೋಡಲು ಯಾರ ಆಯುಷ್ಯವೂ ಸಾಲದು. ಆದರೆ ಒಂದೇ ದಿನ ಊರನ್ನು ಸುತ್ತಿಬಂದವನು ತೊಟ್ಟಿಲ ಕೂಸನ್ನೂ, ಶಾಲೆಯ ಹುಡುಗಿಯನ್ನೂ, ಕೋಲೂರಿದ ಅಜ್ಜಿಯನ್ನೂ ಕಂಡು ಮನುಷ್ಯನ ಬಾಳಿನ ಕ್ರಮವನ್ನು ಅರಿಯಬಲ್ಲನು. ಹಾಗೆಯೇ ವಿಲಿಯಂ ಹರ್ಷೆಲರು ತಂಗಿಯು ಬರೆದಿಟ್ಟ ಸಾವಿರಾರು ನೀಹಾರಿಕೆಗಳನ್ನು ಸಾಲಾಗಿ ಜೋಡಿಸಿ, ತೆಳುವಾದ ದ್ರವ್ಯವು ಗುರುತ್ವಾಕರ್ಷಣದಿಂದ ಕ್ರಮೇಣ ಒತ್ತಾಗಿ ನಕ್ಷತ್ರವಾಗುತ್ತದೆಂದು 1811ರಲ್ಲಿಯೂ 1814ರಲ್ಲಿಯೂ ಪ್ರತಿಪಾದಿಸಿದರು. ಆ ಪಟ್ಟಿಯಲ್ಲಿದ್ದ ಹಲವು ನೀಹಾರಿಕೆಗಳು ಬಹುದೂರದ ನಕ್ಷತ್ರಲೋಕಗಳೆಂದೂ, ಕೆಲವು ಮುದಿ ನಕ್ಷತ್ರಗಳು ಕಳಚಿದ ಹೊದಿಕೆಗಳೆಂದೂ ಅನಂತರ ತಿಳಿದುಬಂದಿತು. ಆದರೂ ಅವರ ಮೂಲತತ್ತ್ವವು ನಿಂತಿತು. ಶೂನ್ಯಕ್ಕಿಂತ ಸುಮಾರು 260 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಶೀತದಲ್ಲಿರುವ ಅನಿಲ ಮತ್ತು ಧೂಳಿನ ಮೋಡದಲ್ಲಿ ಅಲ್ಲಲ್ಲಿ ಗಂಟುಗಳು ಕಟ್ಟುತ್ತವೆ. ಗಂಟು ತನ್ನ ಭಾರದಿಂದಲೇ ಕುಸಿದು ನಡುವೆ ಕಾಯುತ್ತದೆ. ಸುತ್ತಲಿನ ದ್ರವ್ಯವು ತಟ್ಟೆಯಂತೆ ಹರಡಿ ತಿರುಗುತ್ತದೆ. ಒಡಲಿನ ಶಾಖವು ಸುಮಾರು ಒಂದು ಕೋಟಿ ಡಿಗ್ರಿಗೆ ಏರಿದಾಗ ಜಲಜನಕವು ಹೀಲಿಯಂ ಆಗತೊಡಗಿ, ನಕ್ಷತ್ರವು ಸ್ವಂತ ಬೆಳಕಿನಿಂದ ಬಾಳುತ್ತದೆ. ನಮ್ಮ ಸೂರ್ಯನಂತಹ ನಕ್ಷತ್ರವು ಈ ಸ್ಥಿತಿಗೆ ಬರಲು ಸುಮಾರು 5 ಕೋಟಿ ವರ್ಷ ಬೇಕು.

1822ರಲ್ಲಿ ಅಣ್ಣನು ತೀರಿಕೊಳ್ಳಲು ಕ್ಯಾರೊಲಿನಳು ಹ್ಯಾನೋವರಿಗೆ ಹಿಂದಿರುಗಿದಳು. ಎಪ್ಪತ್ತು ದಾಟಿದ್ದರೂ ಸುಮ್ಮನಿರದೆ, ಅಣ್ಣನ ಮಗ ಜಾನನಿಗಾಗಿ ಆ ನೀಹಾರಿಕೆಗಳ ಪಟ್ಟಿಯನ್ನೆಲ್ಲ ಹೊಸ ಕ್ರಮದಲ್ಲಿ ಬರೆದುಕೊಟ್ಟಳು. ಅದಕ್ಕಾಗಿ 1828ರಲ್ಲಿ ಲಂಡನ್ನಿನ ಖಗೋಲ ಸಂಘವು ಆಕೆಗೆ ಚಿನ್ನದ ಪದಕವನ್ನಿತ್ತಿತು. 1848ನೆಯ ಜನವರಿ 9ರಂದು, 97ನೆಯ ವಯಸ್ಸಿನಲ್ಲಿ ಆಕೆಯು ದೈವಾಧೀನಳಾದಳು.

ಈ ವಂಶದ ಕೆಲಸವು ನಮ್ಮ ನಾಡಿಗೂ ತಲುಪಿತೆಂಬುದು ಸಂತೋಷದ ಸಂಗತಿ. ಆ ಜಾನರ ಮಗನೂ ಜಾನ್ ಎಂಬ ಹೆಸರಿನವನೇ. ಭಾರತದ ಭೂಮಾಪನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, 1868ನೆಯ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಜಮಖಂಡಿಯಲ್ಲಿ ನಿಂತು ಪರೀಕ್ಷಿಸಿದನು. ದಕ್ಷಿಣಾಕಾಶದ ನೀಹಾರಿಕೆಗಳ ಬೆಳಕನ್ನೂ ಈ ದೇಶದಿಂದಲೇ ವಿಭಜಿಸಿ ನೋಡಿದನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿರುವ ತಂದೆತಾಯಿಗಳಿಗೆ ನಮ್ಮ ವಿನಂತಿ ಒಂದುಂಟು. ಜನವರಿಯ ರಾತ್ರಿ ಕಣ ಕಾಯುವಾಗಲೋ, ಮಾಳಿಗೆಯ ಮೇಲೆ ಕುಳಿತಾಗಲೋ ಒಂದೇ ಸಾಲಿನಲ್ಲಿ ಹೊಳೆಯುವ ಮೂರು ನಕ್ಷತ್ರಗಳನ್ನು ಮಗಳಿಗೆ ತೋರಿಸಿರಿ. ಅದರ ದಕ್ಷಿಣಕ್ಕೆ ಮಂಜಿನ ಚುಕ್ಕೆಯೊಂದು ಕಾಣುತ್ತದೆ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಮಹಾವ್ಯಾಧ ನೀಹಾರಿಕೆಯಲ್ಲಿ ಇಂದಿಗೂ ನಕ್ಷತ್ರಗಳು ಹುಟ್ಟುತ್ತಿವೆ. ಅದೇನೆಂದು ಮಗಳು ಕೇಳಿದರೆ, ಒಲೆಯ ಮುಂದೆಯೇ ಉಳಿಯಬೇಕಾಗಿದ್ದ ಈ ಹುಡುಗಿಯ ಚರಿತ್ರೆಯನ್ನು ಹೇಳಿರಿ. ಮನೆಗೆಲಸಕ್ಕೆ ಕೈ ಸಾಲದೆಂದು ಮಗಳನ್ನು ಶಾಲೆಯಿಂದ ಬಿಡಿಸುವ ಯೋಚನೆಯು ಬಂದಾಗಲೂ ಅದನ್ನು ನೆನೆಯಿರಿ.