ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ: ಆಣೆ-ಪೈಗಳ ಕಾಲದ ಒಂದು ಸ್ವರ

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳಲ್ಲಿಯೂ ಧರ್ಮಕೇಂದ್ರಗಳ ಸಭಾಂಗಣಗಳಲ್ಲಿಯೂ ರಾಜ್ಯೋತ್ಸವದ ಸಂಭ್ರಮ. ನಾಡಿನ ಹಿರಿಯರನ್ನು ನೆನೆಯುತ್ತೇವೆ. ಆ ಪಟ್ಟಿಯಲ್ಲಿ ಕವಿಗಳು, ಏಕೀಕರಣಕ್ಕೆ ದುಡಿದವರು, ವಿಜ್ಞಾನಿಗಳು, ಆಟಗಾರರು ಇರುತ್ತಾರೆ. ಸಿನಿಮಾಕ್ಕೆ ಹಾಡಿದ ಹೆಣ್ಣುಮಗಳೊಬ್ಬರ ಹೆಸರು ಅಲ್ಲಿ ಕೇಳಿಬರುವುದು ಅಪರೂಪ. ಆದರೆ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಎಷ್ಟೋ ವರ್ಷ ಮೊದಲೇ ಆ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಇಡೀ ದೇಶಕ್ಕೆ ಕೇಳಿಸಿದವರು ಅಂತಹ ಒಬ್ಬ ಹೆಣ್ಣುಮಗಳೇ. ಅವರೇ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಈ ಬಾರಿ ಅವರನ್ನು, ಅವರು ಬಾಳಿದ ಕಾಲವನ್ನು ಸ್ವಲ್ಪ ನೆನೆಯೋಣ ಎಂದುಕೊಂಡಿದ್ದೇವೆ.

ಬೀಳಗಿಯ ಸುತ್ತಮುತ್ತ

ಕರಾವಳಿಯ ನಮಗೆ ಬೀಳಗಿ ದೂರದ ಊರು. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಬಯಲುಸೀಮೆಯದು. ಇಂದು ಅದು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಆ ಜಿಲ್ಲೆ ರಚನೆಯಾಗುವ ತನಕ ಬಿಜಾಪುರ, ಅಂದರೆ ಇಂದಿನ ವಿಜಯಪುರ ಜಿಲ್ಲೆಗೆ ಸೇರಿತ್ತು. ಅಮೀರ್‌ಬಾಯಿ ಅಲ್ಲಿ ಹುಟ್ಟಿದ್ದು ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದ ಭಾಗ. ಬೀಳಗಿಯಿಂದ ಪಶ್ಚಿಮಕ್ಕೆ ಹೊರಟರೆ ಸಿಗುವ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಜಮಖಂಡಿ ಪಟವರ್ಧನರ ಸಂಸ್ಥಾನ. ಒಂದು ದಿನದ ಚಕ್ಕಡಿ ಪ್ರಯಾಣದಲ್ಲಿ ಬ್ರಿಟಿಷರ ಆಡಳಿತ ದಾಟಿ ಅರಸರ ಆಡಳಿತಕ್ಕೆ ಹೋಗಬಹುದಾಗಿತ್ತು. ಈ ಸಂಸ್ಥಾನಗಳು ಭಾರತದೊಳಗೆ ವಿಲೀನವಾದದ್ದು 1948ರಲ್ಲಿ. ಇನ್ನಷ್ಟು ಮುಂದೆ ರಬಕವಿ-ಬನಹಟ್ಟಿ. ಅದು ನೇಕಾರರ ಸೀಮೆ, ಸೀರೆಗೆ ಹೆಸರಾದದ್ದು.

ಆಡಳಿತ ಬೇರೆ ಬೇರೆಯಾಗಿದ್ದರೂ ಜನರ ಬದುಕು ಒಂದೇ ಬಗೆಯದಾಗಿತ್ತು. ಜೋಳದ ರೊಟ್ಟಿ, ವಾರದ ಸಂತೆ, ವರ್ಷದ ಜಾತ್ರೆ. ಮನರಂಜನೆಯೆಂದರೆ ಬಯಲಾಟ ಮತ್ತು ಕಂಪನಿ ನಾಟಕ. ನಾಟಕ ಕಂಪನಿಗಳು ಊರಿಂದ ಊರಿಗೆ ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತು ಬಂದು ಬಿಡಾರ ಹೂಡುತ್ತಿದ್ದವು. ಮರಾಠಿ ರಂಗಗೀತೆಗಳು ಕನ್ನಡಕ್ಕೆ, ಕನ್ನಡದ ಕಲಾವಿದರು ಮರಾಠಿಗೆ ಹೋಗಿ ಬರುತ್ತಿದ್ದರು. ಗಡಿಯೆಂಬುದು ಸಂಗೀತಕ್ಕೆ ಅಷ್ಟಾಗಿ ಅಡ್ಡಿಯಾಗಿರಲಿಲ್ಲ.

ಅಮೀರ್‌ಬಾಯಿಯವರದು ನಾಟಕ ಮತ್ತು ಸಂಗೀತದ ನಂಟಿದ್ದ ಮುಸ್ಲಿಂ ಕುಟುಂಬ. ಸಹೋದರಿ ಗೋಹರ್‌ಬಾಯಿಯೂ ಹಾಡುಗಾರ್ತಿ, ನಟಿ. ಆ ಕಾಲದಲ್ಲಿ ಹೆಂಗಸರು ರಂಗವೇರುವುದೆಂದರೆ ಸಣ್ಣ ಸಂಗತಿಯಲ್ಲ. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ದಿನಗಳವು. ರಂಗವೇರಿದ ಹೆಣ್ಣಿನ ಹಾಡಿಗೆ ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ಮರುದಿನ ಅದೇ ಹೆಣ್ಣನ್ನು ಮರ್ಯಾದಸ್ಥರ ಮನೆಯ ಹೊಸ್ತಿಲೊಳಗೆ ಕರೆಯುವವರು ಇರಲಿಲ್ಲ. ಈ ಎರಡು ಮುಖಗಳನ್ನು ನೋಡುತ್ತಲೇ ಅಕ್ಕತಂಗಿಯರು ಬೆಳೆದರು.

ಮುಂಬಯಿಯ ದಾರಿ

1930ರ ದಶಕದ ಆರಂಭದಲ್ಲಿ ಭಾರತದ ಸಿನಿಮಾ ಮಾತು ಕಲಿಯಿತು. ಮಾತಿನ ಜೊತೆಗೆ ಹಾಡು ಬಂತು, ಹಾಡಿನ ಜೊತೆಗೆ ಹಾಡಬಲ್ಲ ನಟಿಯರಿಗೆ ಬೇಡಿಕೆ ಬಂತು. ಅಮೀರ್‌ಬಾಯಿ ಮುಂಬಯಿ ಸೇರಿದರು. 1934ರ ವಿಷ್ಣುಭಕ್ತಿ ಅವರ ಮೊದಲ ಚಿತ್ರವೆಂದು ಹೇಳಲಾಗುತ್ತದೆ. ಮೊದಲ ಕೆಲವು ವರ್ಷಗಳು ಸುಲಭದವಾಗಿರಲಿಲ್ಲ, ಸಣ್ಣಪುಟ್ಟ ಪಾತ್ರಗಳಲ್ಲಿಯೇ ಕಳೆದವು. 1940ರಲ್ಲಿ ವಿಜಯ ಭಟ್ಟರ ನರಸೀ ಭಗತ್ ತೆರೆಕಂಡಿತು. ಗಾಂಧೀಜಿಯವರ ಪ್ರಾರ್ಥನಾ ಸಭೆಗಳಿಂದ ನಾಡಿಗೆಲ್ಲ ಪರಿಚಿತವಾಗಿದ್ದ ನರಸೀ ಮೆಹತಾರ ಭಜನೆಯನ್ನು ಆ ಚಿತ್ರದಲ್ಲಿ ಅಮೀರ್‌ಬಾಯಿ ಹಾಡಿದರು. ಗುಜರಾತಿ ಸಂತನ ಭಜನೆಗೆ ಕನ್ನಡ ನೆಲದ ಮುಸ್ಲಿಂ ಹೆಣ್ಣುಮಗಳ ಕಂಠ. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ನಂತರ ಬಂದದ್ದು 1943ರ ಕಿಸ್ಮತ್. ಬಾಂಬೆ ಟಾಕೀಸಿನ ಚಿತ್ರ, ಅನಿಲ್ ಬಿಸ್ವಾಸರ ಸಂಗೀತ, ಪ್ರದೀಪರ ಗೀತೆಗಳು. ತೆರೆಯ ಮೇಲೆ ಅಶೋಕ್ ಕುಮಾರ್ ಮತ್ತು ಮುಮ್ತಾಜ್ ಶಾಂತಿ, ತೆರೆಯ ಹಿಂದೆ ಅಮೀರ್‌ಬಾಯಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮೀರಿ ಓಡಿತು. ಒಂದು ಕೋಟಿ ರೂಪಾಯಿ ಗಳಿಸಿದ ಮೊದಲ ಭಾರತೀಯ ಚಿತ್ರವೆಂಬ ಖ್ಯಾತಿಯೂ ಅದಕ್ಕಿದೆ. ಭಾರತ ಬಿಟ್ಟು ತೊಲಗಿ ಚಳವಳಿ ಶುರುವಾಗಿ ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ, ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಹೊರಗಿನವರು ನಮ್ಮ ದೇಶದಿಂದ ದೂರ ಸರಿಯಲಿ ಎಂಬ ಅರ್ಥದ ಹಾಡೊಂದು ಈ ಚಿತ್ರದಲ್ಲಿತ್ತು. ಜರ್ಮನಿ ಮತ್ತು ಜಪಾನಿನ ಹೆಸರು ಅದರೊಳಗಿದ್ದುದರಿಂದ ಸೆನ್ಸಾರಿನ ಕಣ್ಣು ತಪ್ಪಿತು. ಅದು ಯಾರನ್ನು ಕುರಿತದ್ದೆಂದು ಜನರಿಗೆ ಚೆನ್ನಾಗಿ ಅರ್ಥವಾಗಿತ್ತು. ಖಾನ್ ಮಸ್ತಾನಾ ಜೊತೆಗೆ ಆ ಹಾಡನ್ನು ಹಾಡಿದವರೂ ನಮ್ಮ ಬೀಳಗಿಯವರೇ.

1944ರಲ್ಲಿ ನೌಷಾದರ ಸಂಗೀತದ ರತನ್ ಬಂತು. 1946ರಲ್ಲಿ ರಾಣಕದೇವಿ ಎಂಬ ಗುಜರಾತಿ ಚಿತ್ರಕ್ಕೆ, ತನ್ನ ಹಳ್ಳಿಗೊಮ್ಮೆ ಬಂದು ಹೋಗು ಎಂದು ಕರೆಯುವ ಹಾಡೊಂದನ್ನು ಅವರು ಹಾಡಿದರು. ಗುಜರಾತಿನ ಮನೆಮನೆಗಳಲ್ಲಿ ಅದು ಇಂದಿಗೂ ಮರೆತುಹೋಗಿಲ್ಲ. ಕನ್ನಡ ಗೀತೆಗಳನ್ನೂ ಧ್ವನಿಮುದ್ರಿಸಿದರು. ಕನ್ನಡ ಕೋಗಿಲೆ ಎಂಬ ಬಿರುದು ಅವರಿಗೆ ಅಂಟಿಕೊಂಡಿತು. 1948ರಲ್ಲಿ ಶಹನಾಜ್ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಸಂಗೀತ ನಿರ್ದೇಶನವೆಂಬುದು ಬಹುತೇಕ ಗಂಡಸರದೇ ಆಗಿದ್ದ ಕಾಲದಲ್ಲಿ ಇದು ದೊಡ್ಡ ಸಾಹಸ.

ಹಾಡಿನ ಬೆಲೆ, ರೂಪಾಯಿಯ ಬೆಲೆ

ಅಂದಿನ ದುಡ್ಡಿನ ಲೆಕ್ಕ ಇಂದಿನ ಮಕ್ಕಳಿಗೆ ತಿಳಿಯದು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ನಾಲ್ಕಾಣೆಗೆ ಪಾವಲಿ ಎನ್ನುತ್ತಿದ್ದರು. 1957ರ ಏಪ್ರಿಲ್ 1ರಿಂದ ನೂರು ನಯಾಪೈಸೆಯ ಲೆಕ್ಕ ಬರುವ ತನಕ ಇದೇ ನಡೆಯಿತು. ಕೂಲಿಯವರ ದಿನದ ಸಂಪಾದನೆ ಆಣೆಗಳಲ್ಲಿತ್ತು. ಟೂರಿಂಗ್ ಟಾಕೀಸಿನಲ್ಲಿ ನೆಲ, ಬೆಂಚು, ಕುರ್ಚಿ ಎಂದು ತರಗತಿಗಳಿದ್ದವು. ನೆಲದ ಮೇಲೆ ಕೂತು ನೋಡುವವರಿಗೆ ಕೆಲವು ಆಣೆಗಳಲ್ಲಿ ಚಿತ್ರ ಸಿಗುತ್ತಿತ್ತು. ಅದೂ ಇಲ್ಲದವರು ಡೇರೆಯ ಹೊರಗೆ ನಿಂತು ಹಾಡು ಕೇಳುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಧಾನ್ಯ, ಸೀಮೆಎಣ್ಣೆ, ಬಟ್ಟೆ ಎಲ್ಲದರ ಬೆಲೆ ಏರಿತು, ಪಡಿತರ ಬಂತು. ಫಿಲಂ ರೀಲಿಗೂ ಅಭಾವವಾಗಿ ಚಿತ್ರದ ಉದ್ದಕ್ಕೆ ಸರಕಾರ ಮಿತಿ ಹಾಕಿತು. ಆದರೂ ಜನ ಚಿತ್ರ ನೋಡುವುದನ್ನು ಬಿಡಲಿಲ್ಲ.

ಗ್ರಾಮಫೋನ್ ಅಂದು ಉಳ್ಳವರ ಸೊತ್ತು. ಅರಗಿನಿಂದ ಮಾಡಿದ ತಟ್ಟೆ, ಕೈಜಾರಿ ಬಿದ್ದರೆ ಚೂರುಚೂರು. ಒಂದು ಬದಿಗೆ ಮೂರು ನಿಮಿಷದ ಹಾಡು. ಕೀಲಿ ತಿರುಗಿಸಬೇಕು, ಮುಳ್ಳನ್ನು ಆಗಾಗ ಬದಲಿಸಬೇಕು. ಊರಿನ ಸಾಹುಕಾರರ ಮನೆಯಲ್ಲೋ ಹೋಟೆಲಿನಲ್ಲೋ ಒಂದು ಪೆಟ್ಟಿಗೆ ಇದ್ದರೆ ಸುತ್ತಲೂ ಜನ ಸೇರುತ್ತಿದ್ದರು. ಹಾಗಾಗಿ ಒಬ್ಬರು ಕೊಂಡ ತಟ್ಟೆಯ ಹಾಡನ್ನು ಇಡೀ ಕೇರಿ ಪುಕ್ಕಟೆಯಾಗಿ ಕೇಳುತ್ತಿತ್ತು.

ಆ ಮೂರು ನಿಮಿಷದ ಹಿಂದಿನ ದುಡಿಮೆ ಕೇಳುವವರಿಗೆ ಕಾಣುತ್ತಿರಲಿಲ್ಲ. ಗಾಯಕಿ ಮತ್ತು ವಾದ್ಯವೃಂದ ಒಟ್ಟಿಗೇ ನಿಂತು ಹಾಡನ್ನು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿಗೆ ಮುಗಿಸಬೇಕಿತ್ತು. ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಮುಂಬಯಿಯ ಆ ವಾದ್ಯವೃಂದಗಳಲ್ಲಿ ಪಿಟೀಲು, ಕಹಳೆ ನುಡಿಸುತ್ತಿದ್ದವರಲ್ಲಿ ಅನೇಕರು ಗೋವೆಯ ಕ್ರೈಸ್ತ ಕಲಾವಿದರು. ಪರದೆಯ ಮೇಲೆ ಅವರ ಹೆಸರೂ ಬರುತ್ತಿರಲಿಲ್ಲ. ಚಿತ್ರಗೀತೆಗಳ ಎಷ್ಟೋ ತಟ್ಟೆಗಳ ಮೇಲೆ ಗಾಯಕಿಯ ಹೆಸರಿನ ಬದಲು ಚಿತ್ರದ ಪಾತ್ರದ ಹೆಸರು ಅಚ್ಚಾಗುತ್ತಿತ್ತು.

ಏಳಿಗೆಯ ದಿನಗಳಲ್ಲಿ ಅಮೀರ್‌ಬಾಯಿ ಒಂದು ಹಾಡಿಗೆ 1000 ರೂಪಾಯಿ ಪಡೆಯುತ್ತಿದ್ದರೆಂದೂ, ಆಗ ಇತರ ಗಾಯಕಿಯರಿಗೆ 500 ಸಿಗುತ್ತಿತ್ತೆಂದೂ ಫಿಲ್ಮ್ ಇಂಡಿಯಾ ಪತ್ರಿಕೆಯನ್ನು ಆಧರಿಸಿ ಹೇಳಲಾಗುತ್ತದೆ. ದಿನಕ್ಕೆ ಎಂಟಾಣೆ ಕೂಲಿ ಎಂದು ಇಟ್ಟುಕೊಂಡರೂ 1000 ರೂಪಾಯಿ ಎಂದರೆ 2000 ದಿನಗಳ ದುಡಿಮೆ, ಸುಮಾರು ಐದೂವರೆ ವರ್ಷ. ಬೀಳಗಿಯ ಹೆಣ್ಣುಮಗಳ ಸ್ವರಕ್ಕೆ ಮುಂಬಯಿ ಇಷ್ಟು ಬೆಲೆ ಕಟ್ಟಿತ್ತು.

ದುಡ್ಡು ಕೊಡಲಾಗದ್ದು

ಆದರೆ ಮನೆಯೊಳಗಿನ ನೆಮ್ಮದಿ ದುಡ್ಡಿಗೆ ದೊರೆಯಲಿಲ್ಲ. ಹಿಮಾಲಯವಾಲಾ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ನಟನೊಂದಿಗೆ ಅವರ ಮೊದಲ ಮದುವೆ ನಡೆಯಿತು. ಆತನ ಕೈಯಲ್ಲಿ ಅವರು ಹೊಡೆತ ಬಡಿತ ಅನುಭವಿಸಿದರು, ಗಳಿಕೆಯನ್ನೂ ಕಳೆದುಕೊಂಡರು ಎಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ದೇಶವೆಲ್ಲ ಕಿವಿಗೊಟ್ಟ ಸ್ವರವೊಂದು ತನ್ನ ಮನೆಯೊಳಗೆ ಅಳುತ್ತಿತ್ತು. ಕೊನೆಗೂ ಅವರು ಆ ಬಂಧದಿಂದ ಬಿಡಿಸಿಕೊಂಡರು. ದೇಶ ವಿಭಜನೆಯ ಬಳಿಕ ಆತ ಪಾಕಿಸ್ತಾನ ಸೇರಿದ. ಅಮೀರ್‌ಬಾಯಿ ಇಲ್ಲಿಯೇ ಉಳಿದರು. ಮುಂದೆ ಪತ್ರಕರ್ತ ಬದ್ರಿ ಕಾಂಚ್‌ವಾಲಾ ಅವರೊಂದಿಗೆ ಬಾಳು ಕಟ್ಟಿಕೊಂಡರು.

ಸಹೋದರಿ ಗೋಹರ್‌ಬಾಯಿಯ ಕಥೆಯೂ ನೋವಿನದೇ. ಮರಾಠಿ ರಂಗಭೂಮಿಯ ಮೇರು ನಟ ಬಾಲಗಂಧರ್ವರ ಕಂಪನಿಯನ್ನು ಅವರು ಸೇರಿದರು, ಕೊನೆಯವರೆಗೂ ಅವರ ಜೊತೆಗಿದ್ದರು. ಅಭಿಮಾನಿಗಳಲ್ಲಿ ಅನೇಕರು ಬಾಲಗಂಧರ್ವರನ್ನು ಪೂಜಿಸಿದರು, ಗೋಹರ್‌ಬಾಯಿಯನ್ನು ದೂಷಿಸಿದರು. ಅವರು 1964ರಲ್ಲಿ ತೀರಿಕೊಂಡರು.

1949ರಲ್ಲಿ ಮಹಲ್, ಬರ್ಸಾತ್, ಅಂದಾಜ್ ಚಿತ್ರಗಳು ಬಂದವು. ಲತಾ ಮಂಗೇಶ್ಕರರ ಯುಗ ಆರಂಭವಾಯಿತು. ಕೇಳುಗರ ರುಚಿ ಬದಲಾಯಿತು. ಅಮೀರ್‌ಬಾಯಿಯವರಿಗೆ ಹಾಡುಗಳು ಕಡಿಮೆಯಾದವು. ಅವರು ಮತ್ತೆ ನಟನೆಗೆ ಮರಳಿದರು, ಸಿಕ್ಕ ಪೋಷಕ ಪಾತ್ರಗಳನ್ನು ಒಪ್ಪಿಕೊಂಡರು. 1950ರಲ್ಲಿ ಧಾರವಾಡ ಆಕಾಶವಾಣಿ, 1952ರಲ್ಲಿ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ, 1957ರಲ್ಲಿ ವಿವಿಧ ಭಾರತಿ ಬಂದು ಹಾಡೆಂಬುದು ಬಡವರ ಬಾಗಿಲಿಗೂ ಬರತೊಡಗಿದಾಗ ಅವರದು ಹಳೆಯ ಕಾಲದ ಸ್ವರವಾಗಿಬಿಟ್ಟಿತ್ತು. ಒಟ್ಟು 150ರಷ್ಟು ಚಿತ್ರಗಳಲ್ಲಿ ಸುಮಾರು 380 ಹಾಡುಗಳನ್ನು ಅವರು ಹಾಡಿದರೆಂಬ ಲೆಕ್ಕವಿದೆ.

ಮುಂಬಯಿಯಲ್ಲಿ ಗಳಿಸಿದ ದುಡ್ಡಿನ ಒಂದು ಪಾಲನ್ನು ಅವರು ತಮ್ಮ ಸೀಮೆಗೆ ತಂದು ಹಾಕಿದರು. ಬಿಜಾಪುರದಲ್ಲಿ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರ ಕಟ್ಟಿಸಿದರು. ತಟ್ಟೆಗಳ ಮೇಲೆ ಎಷ್ಟೋ ಬಾರಿ ಅಚ್ಚಾಗದ ಹೆಸರು ತವರಿನ ಜಿಲ್ಲೆಯ ಪೇಟೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ನಿಂತಿತು. ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ಅವರು ನಿಧನರಾದರು. ಪಾರ್ಥಿವ ಶರೀರವನ್ನು ಬಿಜಾಪುರಕ್ಕೆ ತರಲಾಯಿತು.

ನಾವು ಕೊಡಬೇಕಾದ ಬಾಕಿ

ಅವರು ತೀರಿಕೊಂಡಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವೆಂದು ಬದಲಾದದ್ದು 1973ರ ನವೆಂಬರ್ 1ರಂದು. ಅಂದರೆ ಕರ್ನಾಟಕಿ ಎಂದು ಬಾಳಿದವರು ಕರ್ನಾಟಕವೆಂಬ ರಾಜ್ಯವನ್ನು ನೋಡಲೇ ಇಲ್ಲ. ಆ ಹೆಸರನ್ನು ಅವರಿಗೆ ಸರಕಾರ ಕೊಟ್ಟದ್ದಲ್ಲ, ಪ್ರಶಸ್ತಿಯಾಗಿ ಬಂದದ್ದೂ ಅಲ್ಲ. ನಾಟಕ, ಸಂಗೀತ, ಸಿನಿಮಾ ಕ್ಷೇತ್ರಗಳಲ್ಲಿ ದುಡಿಯಲು ಹೋದಲ್ಲೆಲ್ಲ ಅವರೇ ಹೊತ್ತುಕೊಂಡು ಹೋದದ್ದು. ಬಹುಕಾಲ ಮರೆಯಲ್ಲಿದ್ದ ಅವರ ಬದುಕನ್ನು ಶ್ರಮವಹಿಸಿ ಹುಡುಕಿ ಕನ್ನಡದಲ್ಲಿ ಗ್ರಂಥವಾಗಿಸಿದವರು ಲೇಖಕ ರಹಮತ್ ತರೀಕೆರೆ. ಅವರಿಗೆ ನಾವು ಕೃತಜ್ಞರಾಗಿರಬೇಕು.

ಹಾಡನ್ನು ಕೇಳಿ ಸಂತೋಷಪಡುವುದು, ಹಾಡಿದವರನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದು. ಇದು ಬೀಳಗಿಯ ದೋಷ ಮಾತ್ರವಲ್ಲ, ಮುಂಬಯಿಯದೂ ಅಲ್ಲ. ನಮ್ಮ ಕರಾವಳಿಯ ಊರುಗಳಲ್ಲಿಯೂ ವಾರ್ಷಿಕೋತ್ಸವದ ನಾಟಕಗಳಿಗೆ ಬಣ್ಣ ಹಚ್ಚಿದ, ಮದುವೆ ಮನೆಗಳಲ್ಲಿ ಹಾಡಿದ, ಗಾಯನ ವೃಂದಗಳನ್ನು ವರ್ಷಗಟ್ಟಲೆ ನಡೆಸಿದ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗಿದೆ? ಕಟ್ಟಡಕ್ಕೆ ದಾನ ಕೊಟ್ಟವರ ಹೆಸರು ಕಲ್ಲಿನಲ್ಲಿದೆ, ಸ್ವರ ಕೊಟ್ಟವರ ಹೆಸರು ಯಾವ ಪುಟದಲ್ಲಿಯೂ ಇಲ್ಲ. ಅವರು ನಮ್ಮ ನಡುವೆ ಇರುವಾಗಲೇ ಹೋಗಿ ಮಾತನಾಡಿಸೋಣ, ಹೆಸರು ಕೇಳಿ ಬರೆದಿಡೋಣ. ಬೀಳಗಿಯ ಆ ಮಹಾತಾಯಿಗೆ ನಾವು ಸಲ್ಲಿಸಬಹುದಾದ ಗೌರವ ಇದೇ.