ಫಿನಿಯಾಸ್ ಗೇಜ್: ಪಾಠದಲ್ಲಿ ಬಿಟ್ಟುಹೋದ ವರ್ಷಗಳು

ಮೆದುಳಿನ ಪಾಠಕ್ಕೆ ಪೀಠಿಕೆಯಾಗಿ ಯಾವ ಕಥೆ ಹೇಳುತ್ತೀರಿ ಎಂದು ನಮ್ಮ ವಿಜ್ಞಾನ ವಿಭಾಗದವರನ್ನು ಕೇಳಿದರೆ ಬಹುತೇಕರು ಫಿನಿಯಾಸ್ ಗೇಜ್ ಎನ್ನುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ ಹತ್ತನೇ ತರಗತಿಗೆ ಮೆದುಳಿನ ಭಾಗಗಳನ್ನು ಪಾಠ ಮಾಡುವಾಗ ನಾನೂ ಅದನ್ನೇ ಹೇಳಿದೆ. ತಲೆಯೊಳಗೆ ಸಲಾಕೆ ತೂರಿತು, ಮನುಷ್ಯ ಬದುಕಿದ, ಆದರೆ ಸಂಭಾವಿತನಾಗಿದ್ದವನು ಒರಟನಾದ, ಕೆಲಸ ಕಳೆದುಕೊಂಡ, ಅಲೆದಾಡಿ ಸತ್ತ. ಐದು ನಿಮಿಷದ ಕಥೆ. ತರಗತಿ ನಿಶ್ಶಬ್ದವಾಗಿತ್ತು, ನನಗೆ ಖುಷಿಯಾಗಿತ್ತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸಾಯುವ ತನಕ ಅವರು ಏನು ಮಾಡಿಕೊಂಡಿದ್ದರು, ಅವರನ್ನು ಯಾರು ನೋಡಿಕೊಂಡರು, ಒಂದಿಷ್ಟೂ ಸರಿಯಾಗಲಿಲ್ಲವೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹಿಮ್ಮೆದುಳಿನ ಚಾರ್ಟ್ ತೂಗುಹಾಕಿ ಮುಂದಕ್ಕೆ ಹೋದೆ. ಮಾರ್ಗದರ್ಶಿ ಶಿಕ್ಷಕಿಯವರು ಅವಲೋಕನ ಪುಸ್ತಕದಲ್ಲಿ ಪೀಠಿಕೆ ಆಕರ್ಷಕವಾಗಿದೆ ಎಂದು ಬರೆದು, ಅದರ ಕೆಳಗೆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆತಿಲ್ಲ ಎಂದೂ ಬರೆದಿದ್ದರು. ಆ ಹುಡುಗಿಯ ಅಣ್ಣನಿಗೆ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿದೆ, ಅವನು ಮೊದಲಿನ ಹಾಗಿಲ್ಲ ಎಂದು ಮನೆಯವರು ಕಣ್ಣೀರು ಹಾಕುತ್ತಿರುತ್ತಾರೆ ಎಂಬುದನ್ನು ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ತಿಳಿಸಿದರು. ಅಂದು ರಾತ್ರಿಯೇ ಗೇಜ್ ಬಗ್ಗೆ ಓದಲು ಕುಳಿತೆ. ನಾನು ಕಥೆಯುದ್ದಕ್ಕೂ ಅವನು ಎಂದಿದ್ದೆ, ಅವಳು ಅವರು ಎಂದಿದ್ದಳು. ಇಲ್ಲಿ ಅವಳಂತೆಯೇ ಬರೆಯುತ್ತೇನೆ.

ಗೇಜ್ ಹುಟ್ಟಿದ್ದು 1823ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ. ಐದು ಮಕ್ಕಳಲ್ಲಿ ಹಿರಿಯರು. ಬಾಲ್ಯದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಇಪ್ಪತ್ತೈದರ ಹೊತ್ತಿಗೆ ಅವರು ರೈಲು ಮಾರ್ಗಕ್ಕಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿಯಾಗಿದ್ದರು. ಬಂಡೆಗೆ ಕುಳಿ ಕೊರೆದು, ಮದ್ದು ಸುರಿದು, ಬತ್ತಿ ಇಟ್ಟು, ಮೇಲೆ ಮರಳು ಹಾಕಿ ಸಲಾಕೆಯಿಂದ ಜಡಿಯಬೇಕು. ಮರಳು ಇಲ್ಲದಿದ್ದರೆ ಕಬ್ಬಿಣ ಕಲ್ಲಿಗೆ ತಾಗಿ ಕಿಡಿ ಹಾರುವ ಅಪಾಯವಿದೆ. ತನಗೆ ಬೇಕಾದ ಅಳತೆಗೆ ಗೇಜ್ ಒಂದು ಸಲಾಕೆ ಮಾಡಿಸಿಕೊಂಡಿದ್ದರು. ಉದ್ದ ಸುಮಾರು 110 ಸೆಂ.ಮೀ., ತೂಕ 6 ಕೆ.ಜಿ., ಒಂದು ತುದಿ ಚೂಪು.

1848ರ ಸೆಪ್ಟೆಂಬರ್ 13ರ ಸಂಜೆ ನಾಲ್ಕೂವರೆಯ ಸುಮಾರು, ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಊರಿನ ಬಳಿ ಮದ್ದು ಸಿಡಿಯಿತು. ಸಲಾಕೆ ಎಡಗೆನ್ನೆಯ ಕೆಳಗೆ ಹೊಕ್ಕು, ಎಡಗಣ್ಣಿನ ಹಿಂದಿನಿಂದ ಹಾದು, ನೆತ್ತಿ ಒಡೆದುಕೊಂಡು ಹೊರಬಂದು ಸುಮಾರು 25 ಮೀಟರ್ ದೂರದಲ್ಲಿ ಬಿತ್ತು. ಕೆಲವೇ ನಿಮಿಷಗಳಲ್ಲಿ ಗೇಜ್ ಮಾತಾಡಿದರು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು, ತಾವು ಉಳಿದುಕೊಂಡಿದ್ದ ಹೋಟೆಲಿಗೆ ಬಂದರು. ಆರರ ಹೊತ್ತಿಗೆ ಬಂದ ಯುವ ವೈದ್ಯ ಜಾನ್ ಹಾರ್ಲೊ ಚಿಕಿತ್ಸೆಯ ಹೊಣೆ ಹೊತ್ತರು. ಗಾಯ ಕೀವು ತುಂಬಿತು. ಶವಪೆಟ್ಟಿಗೆ ಸಿದ್ಧವಾಗಿತ್ತು. ಆ್ಯಂಟಿಬಯೋಟಿಕ್ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಹಾರ್ಲೊ ಕೀವು ತೆಗೆದು ಅವರನ್ನು ಉಳಿಸಿಕೊಂಡರು. ನವೆಂಬರ್ ಕೊನೆಗೆ ಗೇಜ್ ತಾಯಿಯ ಮನೆ ಸೇರಿದರು. ಎಡಗಣ್ಣಿನ ದೃಷ್ಟಿ ಹೋಗಿತ್ತು.

ನಾವು ಪಾಠದಲ್ಲಿ ಹೇಳುವ ಸ್ವಭಾವ ಬದಲಾವಣೆ ಸುಳ್ಳಲ್ಲ. ಮೊದಲು ಗುತ್ತಿಗೆದಾರರ ಮೆಚ್ಚಿನ ಮೇಸ್ತ್ರಿಯಾಗಿದ್ದವರನ್ನು ಅವರು ಮತ್ತೆ ಆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಬಾಯಿಗೆ ಬಂದಂತೆ ಬೈಯುವುದು, ಹಟ, ಯೋಜನೆ ಹಾಕಿ ಮರುಕ್ಷಣ ಕೈಬಿಡುವುದು, ಇವನ್ನೆಲ್ಲ ಹಾರ್ಲೊ ದಾಖಲಿಸಿದ್ದಾರೆ. ಇವರು ಹಳೆಯ ಗೇಜ್ ಅಲ್ಲ ಎಂದು ಗೆಳೆಯರಿಗೆ ಅನ್ನಿಸಿತ್ತಂತೆ. ಆದರೆ ಈ ವಿವರ ಪ್ರಕಟವಾದದ್ದು 1868ರಲ್ಲಿ, ಅಪಘಾತವಾಗಿ ಇಪ್ಪತ್ತು ವರ್ಷಗಳ ನಂತರ. ಅದೂ ಕೆಲವೇ ಸಾಲು. ಅದಕ್ಕೂ ಮೊದಲು, ಹಾರ್ವರ್ಡ್‌ನ ಶಸ್ತ್ರಚಿಕಿತ್ಸಕ ಹೆನ್ರಿ ಬಿಗೆಲೊ ಬಾಸ್ಟನ್ನಿನಲ್ಲಿ ಗೇಜ್ ಅವರನ್ನು ಪರೀಕ್ಷಿಸಿ, ದೇಹ ಮನಸ್ಸು ಎರಡೂ ಚೇತರಿಸಿವೆ ಎಂದು ಬರೆದಿದ್ದರು. ಇಬ್ಬರೂ ಕಂಡದ್ದು ಒಬ್ಬರನ್ನೇ.

ಗೇಜ್ ಕೆಲಕಾಲ ನ್ಯೂಯಾರ್ಕಿನ ಬಾರ್ನಮ್ ಮ್ಯೂಸಿಯಂನಲ್ಲಿ ಸಲಾಕೆ ಹಿಡಿದು ಜನರೆದುರು ನಿಂತರು. ಆಮೇಲೆ ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್‌ನಲ್ಲಿ ಬಾಡಿಗೆ ಕುದುರೆಗಳ ಲಾಯವೊಂದರಲ್ಲಿ ಸುಮಾರು ಒಂದೂವರೆ ವರ್ಷ ದುಡಿದರು. 1852ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋದರು. ಅಲ್ಲಿ ವಾಲ್ಪರೈಸೊ ಮತ್ತು ಸಾಂಟಿಯಾಗೊ ನಗರಗಳ ನಡುವೆ ಸಾರೋಟು ಓಡಿಸಿದರು. ಒಂದೆರಡು ತಿಂಗಳಲ್ಲ, ಏಳು ವರ್ಷಗಳ ಹತ್ತಿರ.

ನನ್ನ ಐದು ನಿಮಿಷದ ಕಥೆಯಲ್ಲಿ ಈ ಏಳು ವರ್ಷಗಳಿಗೆ ಜಾಗವೇ ಇರಲಿಲ್ಲ. ಗೇಜ್ ಬಗ್ಗೆ 2000ದಲ್ಲಿ ಪುಸ್ತಕ ಬರೆದ ಆಸ್ಟ್ರೇಲಿಯದ ಮನೋವಿಜ್ಞಾನಿ ಮಾಲ್ಕಮ್ ಮ್ಯಾಕ್‌ಮಿಲನ್ ಆ ಕೆಲಸ ಏನೆಲ್ಲ ಬೇಡುತ್ತಿತ್ತು ಎಂದು ಲೆಕ್ಕಹಾಕಿದ್ದಾರೆ. ನಸುಕಿಗೆ ಮೊದಲೇ ಏಳಬೇಕು. ಕುದುರೆಗಳನ್ನು ಸಜ್ಜುಗೊಳಿಸಬೇಕು. ಪ್ರಯಾಣಿಕರ ಸಾಮಾನು ಹೇರಿ, ಹಣ ಪಡೆದು, ಗೊತ್ತಿಲ್ಲದ ಭಾಷೆಯ ಜನರೊಂದಿಗೆ ಮರ್ಯಾದೆಯಿಂದ ವ್ಯವಹರಿಸಬೇಕು. ಆಮೇಲೆ ಹದಿಮೂರು ಗಂಟೆಗಳ ದಾರಿ, ಸುಮಾರು 160 ಕಿ.ಮೀ. ಆರು ಕುದುರೆಗಳ ಲಗಾಮುಗಳನ್ನು ಬೆರಳುಗಳ ನಡುವೆ ಬೇರೆಬೇರೆಯಾಗಿ ಹಿಡಿದು, ತಿರುವು ಬರುವ ಮೊದಲೇ ಅದನ್ನು ಊಹಿಸಿ ನಡೆಸಬೇಕು. ಅದೂ ಒಂದೇ ಕಣ್ಣಿನಲ್ಲಿ. ಮುಂದಾಲೋಚನೆ, ಸಂಯಮ, ಕ್ರಮ ಇವು ಹಣೆಯ ಹಿಂದಿನ ಮೆದುಳಿನ ಕೆಲಸ ಎಂದು ನಾವು ಚಾರ್ಟ್ ತೋರಿಸಿ ಹೇಳುತ್ತೇವೆ. ಗಾಯವಾಗಿದ್ದು ಅದೇ ಭಾಗಕ್ಕೆ. ಚಿಲಿಯಲ್ಲಿ ಅವರನ್ನು ಬಲ್ಲ ಅಮೆರಿಕದ ವೈದ್ಯರೊಬ್ಬರಿಗೆ ಅವರ ಬುದ್ಧಿಶಕ್ತಿಯಲ್ಲಿ ಕೊರತೆ ಕಂಡಿರಲಿಲ್ಲ. ದಿನವೂ ಒಂದೇ ಕ್ರಮದ ಕೆಲಸ, ಒಂದರ ನಂತರ ಒಂದು ಎಂದು ಹಂತ ಹಂತವಾಗಿ ಸಾಗುವ ಕೆಲಸ ಅವರನ್ನು ಮತ್ತೆ ಕಟ್ಟಿರಬೇಕು ಎಂದು ಮ್ಯಾಕ್‌ಮಿಲನ್ ಊಹಿಸುತ್ತಾರೆ. ಊಹೆಯೇ ನಿಜ, ಆದರೆ ನನಗೆ ಒಪ್ಪಿಗೆಯಾದ ಊಹೆ.

1859ರಲ್ಲಿ ಆರೋಗ್ಯ ಕೆಟ್ಟು, ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದ ತಾಯಿ ಮತ್ತು ತಂಗಿಯ ಬಳಿ ಸೇರಿದರು. ಸುಧಾರಿಸಿದೊಡನೆ ಹೊಲದ ಕೆಲಸಕ್ಕೂ ಹೋದರು. ಅಕ್ಕತಂಗಿಯರ ಮಕ್ಕಳಿಗೆ ತನ್ನ ಸಾಹಸಗಳನ್ನು ಬಣ್ಣಕಟ್ಟಿ ಹೇಳುತ್ತಿದ್ದರೆಂದು, ಮಕ್ಕಳು ಮತ್ತು ಪ್ರಾಣಿಗಳೆಂದರೆ ಅವರಿಗೆ ಪ್ರೀತಿಯಿತ್ತೆಂದು ತಾಯಿ ಆಮೇಲೆ ಹಾರ್ಲೊಗೆ ತಿಳಿಸಿದರು. 1860ರ ಫೆಬ್ರವರಿಯಲ್ಲಿ ಫಿಟ್ಸ್ ಶುರುವಾಯಿತು. ಮೇ 21ರಂದು ತೀರಿಕೊಂಡರು. ವಯಸ್ಸು 36. ಸಲಾಕೆಯನ್ನು ಕೊನೆಯವರೆಗೂ ಜೊತೆಯಲ್ಲಿಟ್ಟುಕೊಂಡಿದ್ದರು. ಮನೆಯವರ ಒಪ್ಪಿಗೆಯಿಂದ ಗೋರಿ ತೆರೆದು, ತಲೆಬುರುಡೆ ಮತ್ತು ಸಲಾಕೆಯನ್ನು ಹಾರ್ಲೊಗೆ ಕೊಡಲಾಯಿತು. ಈಗ ಎರಡೂ ಹಾರ್ವರ್ಡ್‌ನ ವಾರನ್ ಮ್ಯೂಸಿಯಂನಲ್ಲಿವೆ.

ಮೆದುಳನ್ನು ಯಾರೂ ಉಳಿಸಿಕೊಂಡಿರಲಿಲ್ಲ. ಹಾಗಾಗಿ ಯಾವ ಭಾಗ ಎಷ್ಟು ಹಾಳಾಗಿತ್ತು ಎಂಬುದನ್ನು ಬುರುಡೆಯ ರಂಧ್ರ ನೋಡಿಯೇ ಲೆಕ್ಕ ಹಾಕಬೇಕಾಗಿದೆ. 1994ರಲ್ಲಿ ಹಾನಾ ಡಮಾಸಿಯೊ ತಂಡ ಎರಡೂ ಬದಿ ಹಾನಿಯಾಗಿದೆ ಎಂದಿತು. 2004ರಲ್ಲಿ ಇನ್ನೊಂದು ತಂಡ ಎಡಬದಿ ಮಾತ್ರ ಎಂದಿತು. ಸ್ವಭಾವಕ್ಕೂ ಮೆದುಳಿಗೂ ನಂಟಿದೆ ಎಂಬುದಕ್ಕೆ ಗೇಜ್ ಸಾಕ್ಷಿ. ಸ್ವಭಾವ ಇಂಥದೇ ಜಾಗದಲ್ಲಿ ಕುಳಿತಿದೆ, ಆ ಜಾಗ ಹೋದರೆ ಮುಗಿಯಿತು ಎಂಬುದಕ್ಕೆ ಅವರನ್ನು ಸಾಕ್ಷಿಗೆ ಕರೆಯಲಾಗದು.

ಮಾರ್ಗದರ್ಶಿ ಶಿಕ್ಷಕಿಯವರ ಅನುಮತಿ ಪಡೆದು ಶನಿವಾರ ಅದೇ ತರಗತಿಗೆ ಹೋದೆ. ಅಣ್ಣನ ವಿಷಯ ಎತ್ತಲಿಲ್ಲ. ಗೇಜ್ ಚೇತರಿಸಿಕೊಂಡರು, ಆದ್ದರಿಂದ ಎಲ್ಲರೂ ಚೇತರಿಸಿಕೊಳ್ಳುತ್ತಾರೆ ಎಂದೂ ಹೇಳಲಿಲ್ಲ. ಒಂದು ಗಾಯದಂತೆ ಇನ್ನೊಂದು ಇರುವುದಿಲ್ಲ. ಕಳೆದ ಸಲ ಅರ್ಧ ಕಥೆ ಹೇಳಿದ್ದೆ ಎಂದು ಒಪ್ಪಿಕೊಂಡು ಉಳಿದರ್ಧ ಹೇಳಿದೆ. ಜೊತೆಗೆ ಗೇಜ್ ಅವರ ಫೋಟೊ ಪ್ರಿಂಟ್ ಒಯ್ದಿದ್ದೆ. ತಿಮಿಂಗಿಲ ಬೇಟೆಗಾರನ ಈಟಿ ಎಂದುಕೊಂಡು ಸಂಗ್ರಾಹಕರೊಬ್ಬರ ಮನೆಯಲ್ಲಿದ್ದ ಈ ಚಿತ್ರ ಗೇಜ್ ಅವರದೆಂದು ಜಗತ್ತಿಗೆ ತಿಳಿದದ್ದು 2009ರಲ್ಲಿ. ಒಳ್ಳೆಯ ಕೋಟು, ಮುಚ್ಚಿದ ಎಡಗಣ್ಣು, ಕೈಯಲ್ಲಿ ಸಲಾಕೆ.

ಪ್ರಿಂಟ್ ಬೆಂಚಿಂದ ಬೆಂಚಿಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಬೆಲ್ ಹೊಡೆದ ಮೇಲೆ ಆ ಹುಡುಗಿ ಅದನ್ನು ತಂದುಕೊಟ್ಟು, ಕುದುರೆ ಕೆಲಸಕ್ಕೆ ಮೊದಲು ಅವರನ್ನು ಯಾರು ಸೇರಿಸಿಕೊಂಡರು ಎಂದು ಕೇಳಿದಳು. ಹ್ಯಾನೋವರ್‌ನ ಲಾಯದವರು ಎಂದೆ.